ಹನ್ನೊಂದನೇ ಸೆಲ್ಲು ಹಾಳಾಗಿರ್ಲಿಲ್ಲ

ಈ ಸಲ ಸೆಪ್ಟೆಂಬರ್ ಕೊನೇಲಿ ಮೋಡ ಒಡೆದು ಸರಿಯಾಗಿ ಬಿಸಿಲು ಬಿದ್ದ ಮೊದಲನೇ ದಿನ, ಬೆಳಿಗ್ಗೆ ಹನ್ನೊಂದೂವರೆ ಹೊತ್ತಿಗೆ ಇನ್ವರ್ಟರ್ ಕೀಂಯ್ ಅಂತ ಕೂಗೋಕೆ ಶುರು ಮಾಡ್ತು. ಅಂಗಳದಲ್ಲಿದ್ದ ಅಪ್ಪಯ್ಯ ಒಳಗೆ ಬಂದು "ಬ್ಯಾಟರಿ ಫುಲ್ ಆಯ್ತು ಕಾಣ್ತದೆ, ನೋಡು" ಅಂದ್ರು. ಫೋನಲ್ಲಿ ಆಪ್ ತೆಗೆದು ನೋಡಿದ್ರೆ ಫುಲ್ ಆಗಿರ್ಲಿಲ್ಲ, ಬಿಎಂಎಸ್, ಅಂದ್ರೆ ಬ್ಯಾಟರಿ ಒಳಗೆ ಕೂತು ಒಂದೊಂದು ಸೆಲ್ಲನ್ನೂ ಕಾಯೋ ಬೋರ್ಡು, ಚಾರ್ಜಿಂಗ್ ಕಟ್ ಮಾಡಿತ್ತು. ಒಟ್ಟು ವೋಲ್ಟೇಜ್ 54.2. ಬ್ಯಾಟರಿ ಒಳಗೆ ಸಾಲಾಗಿ ಜೋಡಿಸಿರೋ 16 ಸೆಲ್ಲಲ್ಲಿ 15 ಸೆಲ್ಲು 3.37 ವೋಲ್ಟ್ ಆಸುಪಾಸು, ಹನ್ನೊಂದನೇದು ಮಾತ್ರ 3.65. ಐದು ನಿಮಿಷ ಬಿಟ್ಟು ನೋಡಿದ್ರೆ ಅದೂ 3.40ಕ್ಕೆ ಇಳಿದಿತ್ತು, ಮತ್ತೆ ಚಾರ್ಜ್ ಶುರು, ಮತ್ತೆ ಅದೊಂದೇ ಸೆಲ್ಲು ಓಡಿ ಹೋಗಿ 3.65 ಮುಟ್ಟೋದು, ಮತ್ತೆ ಕಟ್. ಮಧ್ಯಾಹ್ನದವರೆಗೂ ಇದೇ ಆಟ.

ನಮ್ಮನೆ ಇರೋದು ಸಾಗರದ ಕಡೆ, ಅಡಿಕೆ ತೋಟದ ಒಳಗೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತು ಅಂದ್ರೆ ಎರಡು ದಿನ ಮೂರು ದಿನ ಕರೆಂಟ್ ಇಲ್ಲ ಅನ್ನೋದು ನಮ್ಮ ಕಡೆಯವರಿಗೆ ಹೊಸದಲ್ಲ. ಅದಕ್ಕೇ ಹಳೇ ಟ್ಯೂಬುಲರ್ ಬ್ಯಾಟರಿ ತೆಗೆದು ಲಿಥಿಯಂ ಹಾಕ್ಸಿದ್ದು, 16 ಸೆಲ್ಲಿನ 51.2 ವೋಲ್ಟ್ 100 ಆಂಪ್ ಅವರ್ ಪ್ಯಾಕು, ಅಂದ್ರೆ ಐದು ಯೂನಿಟ್ ಚಿಲ್ಲರೆ. ಮೇಲೆ ಎರಡು ಕಿಲೋವ್ಯಾಟ್ ಪ್ಯಾನಲ್. ಫ್ರಿಜ್, ಲೈಟು, ಮಿಕ್ಸಿ, ವೈಫೈ, ಬಾವಿ ಮೋಟರ್ ಅರ್ಧ ಎಚ್‌ಪಿದು, ಇಷ್ಟು ಅದರ ಮೇಲೆ ನಡೀತದೆ.

ಹಾಕಿಕೊಟ್ಟ ಕಡೆಗೆ ಫೋನ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಿದೆ. ಹುಡುಗ ನೋಡಿದೋನೇ "ಸರ್, 280 ಮಿಲಿವೋಲ್ಟ್ ಡಿಫರೆನ್ಸ್ ಇದೆ, ಹನ್ನೊಂದನೇ ಸೆಲ್ಲು ಹೋಗಿದೆ, ಚೇಂಜ್ ಮಾಡ್ಬೇಕು" ಅಂದ. ವಾರಂಟಿ ಮುಗಿದಿತ್ತು. ನಾನೂ ಹಾಗೇ ಇರ್ಬಹುದು ಅಂತ ಒಪ್ಪಿಕೊಂಡೇ ಬಿಡ್ತಿದ್ದೆ, ಆದ್ರೆ ಮನಸ್ಸಿಗೆ ಒಂದು ಕೊರೀತಾ ಇತ್ತು. ಹಾಳಾದ ಸೆಲ್ಲು ಅಂದ್ರೆ ವೋಲ್ಟೇಜ್ ಕಮ್ಮಿ ಇರ್ಬೇಕಲ್ವಾ, ಇದು ಎಲ್ಲರಿಗಿಂತ ಜಾಸ್ತಿ ತೋರಿಸ್ತಿದೆಯಲ್ಲ? ಆ ಒಂದು ಪ್ರಶ್ನೆ ಹಿಡ್ಕೊಂಡು ಮೂರು ವಾರ ಕೂತು ಕಲಿತದ್ದನ್ನ ಇಲ್ಲಿ ಬರೀತಿದೀನಿ, ಯಾಕಂದ್ರೆ ನನ್ನ ಹಾಗೇ ಒಂದು ಸ್ಕ್ರೀನ್‌ಶಾಟ್ ನೋಡಿ ಒಳ್ಳೇ ಸೆಲ್ಲನ್ನ ಗುಜರಿಗೆ ಹಾಕೋರು ಖಂಡಿತ ಇರ್ತಾರೆ.

ಮೊದಲು ಈ ಜಾತಿ ಬ್ಯಾಟರಿಯ ಸ್ವಭಾವ. ಮನೆಗೆ ಹಾಕೋ ಲಿಥಿಯಂ ಇವತ್ತು ಹೆಚ್ಚಿನದು ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್. ಒಂದು ಸೆಲ್ಲು 3.2 ವೋಲ್ಟ್ ಅಂತ ಲೆಕ್ಕ, ಮೇಲೆ 3.65 ದಾಟಬಾರದು, ಕೆಳಗೆ 2.5ಕ್ಕಿಂತ ಇಳೀಬಾರದು. ಆದ್ರೆ ಅದರ ಜೀವನದ ಹೆಚ್ಚಿನ ಭಾಗ ಕಳೆಯೋದು 3.2ರಿಂದ 3.35 ಒಳಗೇ. ಇಪ್ಪತ್ತು ಪರ್ಸೆಂಟ್‌ನಿಂದ ತೊಂಬತ್ತು ಪರ್ಸೆಂಟ್‌ವರೆಗೂ ವೋಲ್ಟೇಜ್ ಹೆಚ್ಚು ಕಮ್ಮಿ ಚಪ್ಪಟೆ. ಯಾಕೆ ಹಾಗೆ ಅಂತ ಹುಡುಕಿದಾಗ ಸಿಕ್ಕ ಉತ್ತರ ನಂಗೆ ತುಂಬಾ ಹಿಡಿಸ್ತು. ಅನ್ನಕ್ಕೆ ಎಸರು ಇಟ್ಟಾಗ ನೀರು ಕುದಿ ಬಂದ್ಮೇಲೆ ಎಷ್ಟು ಉರಿ ಹಾಕಿದ್ರೂ ಬಿಸಿ ಅಲ್ಲೇ ನಿಲ್ಲತ್ತಲ್ಲ, ನೀರು ಆವಿಯಾಗ್ತಾ ಹೋಗತ್ತೆ ಹೊರತು ಥರ್ಮಾಮೀಟರ್ ಮೇಲೆ ಹೋಗಲ್ಲ, ಇದೂ ಹಾಗೇನೇ. ಸೆಲ್ಲಿನ ಒಳಗೆ ಲಿಥಿಯಂ ತುಂಬಿದ ಫಾಸ್ಫೇಟು ಮತ್ತೆ ಲಿಥಿಯಂ ಖಾಲಿಯಾದ ಫಾಸ್ಫೇಟು ಎರಡೂ ಒಟ್ಟೊಟ್ಟಿಗೆ ಇರ್ತವೆ, ಚಾರ್ಜ್ ಆಗ್ತಾ ಆಗ್ತಾ ಒಂದು ಕಮ್ಮಿಯಾಗಿ ಇನ್ನೊಂದು ಜಾಸ್ತಿ ಆಗತ್ತೆ, ಎರಡೂ ಇರೋವರೆಗೆ ವೋಲ್ಟೇಜ್ ಕದಲೋದು ಬಹಳ ಕಮ್ಮಿ. ಒಂದು ಪೂರ್ತಿ ಮುಗಿಯೋ ಹೊತ್ತಿಗೆ ಮಾತ್ರ ಗ್ರಾಫು ಸಟ್ಟಂತ ಏಳತ್ತೆ ಅಥವಾ ಬೀಳತ್ತೆ.

ಈ ಪದಾರ್ಥವನ್ನ ಬ್ಯಾಟರಿಗೆ ಬಳಸ್ಬಹುದು ಅಂತ 1997ರಲ್ಲಿ ಪೇಪರ್ ಬರೆದವರು ಅಮೆರಿಕದ ಟೆಕ್ಸಾಸ್ ಯೂನಿವರ್ಸಿಟಿಯ ಪಾಢಿ, ನಂಜುಂಡಸ್ವಾಮಿ ಮತ್ತೆ ಗುಡ್‌ಎನಫ್. ಗುಡ್‌ಎನಫ್ ಅವರಿಗೆ 2019ರಲ್ಲಿ, 97ನೇ ವಯಸ್ಸಲ್ಲಿ, ಲಿಥಿಯಂ ಬ್ಯಾಟರಿ ಕೆಲಸಕ್ಕೇ ನೊಬೆಲ್ ಬಂತು. ನಡುವಿನ ಹೆಸರು ಓದಿ ಅಪ್ಪಯ್ಯಂಗೆ ಹೇಳಿದಾಗ ಅವರಿಗೆ ಆದ ಖುಷಿ ನೋಡ್ಬೇಕಿತ್ತು, "ನಂಜುಂಡಸ್ವಾಮಿ ಅಂತಲೇ ಇದ್ಯಾ?" ಅಂತ ಎರಡು ಸಲ ಕೇಳಿದ್ರು.

ಚಪ್ಪಟೆ ಅನ್ನೋದು ಇನ್ವರ್ಟರಿಗೆ ಒಳ್ಳೇದು, ಆದ್ರೆ ರೀಡಿಂಗ್ ನೋಡೋರಿಗೆ ಮೋಸ ಮಾಡತ್ತೆ. ಮಧ್ಯದಲ್ಲಿ ಎರಡು ಸೆಲ್ಲು 3.30 ಮತ್ತೆ 3.33 ತೋರಿಸಿದ್ರೆ "ಬರೀ 30 ಮಿಲಿವೋಲ್ಟ್" ಅನ್ಸತ್ತೆ, ಆದ್ರೆ ಸುಮ್ನೆ ರೆಸ್ಟಲ್ಲಿರೋ ಸೆಲ್ಲಿಗೆ ಆ 30 ಮಿಲಿವೋಲ್ಟ್ ಅಂದ್ರೆ ಹತ್ತಿಪ್ಪತ್ತು ಪರ್ಸೆಂಟ್ ವ್ಯತ್ಯಾಸವೂ ಇರ್ಬಹುದು. ಅದೇ ತುದೀಲಿ, ಅಂದ್ರೆ ಬ್ಯಾಟರಿ ಪೂರ್ತಿ ತುಂಬೋ ಹೊತ್ತಲ್ಲಿ, ಒಂದು ಸೆಲ್ಲು 3.60 ಇನ್ನೊಂದು 3.45 ಇದ್ರೆ ಎದೆ ಝಲ್ ಅನ್ನತ್ತೆ, ನಿಜವಾಗಿ ಅಲ್ಲಿ ಇರೋ ವ್ಯತ್ಯಾಸ ಒಂದು ಪರ್ಸೆಂಟ್ ಆಸುಪಾಸು. ಹಾಗಾಗಿ ಮಿಲಿವೋಲ್ಟ್ ಎಷ್ಟು ಅಂತ ಕೇಳೋ ಮೊದ್ಲು, ಆ ರೀಡಿಂಗ್ ತೆಗೆದಾಗ ಬ್ಯಾಟರಿ ಎಷ್ಟು ತುಂಬಿತ್ತು, ಎಷ್ಟು ಆಂಪ್ ಹರೀತಿತ್ತು, ಒಳಗೆ ಹೋಗ್ತಿತ್ತಾ ಹೊರಗೆ ಬರ್ತಿತ್ತಾ, ಇಷ್ಟು ಕೇಳ್ಬೇಕು. ನಾನು ಕಳಿಸಿದ ಸ್ಕ್ರೀನ್‌ಶಾಟಲ್ಲಿ ಇದ್ಯಾವುದೂ ಇರ್ಲಿಲ್ಲ, ಬರೀ 16 ನಂಬರ್ ಇತ್ತು.

ಆಮೇಲೆ ಒಂದು ನೋಟ್‌ಬುಕ್ ಇಟ್ಕೊಂಡು ಮೂರು ಹೊತ್ತಿನ ರೀಡಿಂಗ್ ಬರೆಯೋಕೆ ಶುರು ಮಾಡಿದೆ. ಲೋಡು ಇಲ್ಲದೆ, ಬಿಸಿಲು ಇಲ್ಲದೆ ಸುಮ್ನೆ ಇರೋವಾಗ ಹದಿನಾರೂ ಸೆಲ್ಲು 3 ಮಿಲಿವೋಲ್ಟ್ ಒಳಗೆ. ಇಂಡಕ್ಷನ್ ಒಲೆ ಹಚ್ಚಿ 35 ಆಂಪ್ ಎಳೆಯೋವಾಗ ಎಲ್ಲಾ 3.26, ಹನ್ನೊಂದನೇದು 3.22. ಒಲೆ ಆಫ್ ಮಾಡಿದ ತಕ್ಷಣ, ಅಕ್ಷರಶಃ ಆ ಸೆಕೆಂಡಲ್ಲೇ, ಅದು ಉಳಿದೋರ ಜೊತೆ ಬಂದು ಸೇರ್ಕೊಳ್ತಿತ್ತು. ಬೆಳಿಗ್ಗೆ 18 ಆಂಪ್‌ನಲ್ಲಿ ಚಾರ್ಜ್ ಆಗೋವಾಗ, ಅದೂ ಮಧ್ಯದಲ್ಲಿ ತುದಿ ಮುಟ್ಟೋ ಎಷ್ಟೋ ಮೊದ್ಲು, ಅದೇ ಹನ್ನೊಂದು 20 ಮಿಲಿವೋಲ್ಟ್ ಮೇಲೆ. ಎಳೆದ್ರೆ ಕೆಳಗೆ, ತುಂಬಿದ್ರೆ ಮೇಲೆ, ಸುಮ್ನಿದ್ರೆ ಸಮ, ಮತ್ತೆ ವ್ಯತ್ಯಾಸ ಕರೆಂಟಿನ ಲೆಕ್ಕಕ್ಕೆ ಸರಿಯಾಗಿ ಏರಿಳಿಯತ್ತೆ. ಹಾಗಿದ್ರೆ ದಾರೀಲಿ ಎಲ್ಲೋ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ತಡೆ, ಕೂತಿದೆ ಅಂತ ಅರ್ಥ. 40 ಮಿಲಿವೋಲ್ಟನ್ನ 35 ಆಂಪ್‌ನಿಂದ ಭಾಗಿಸಿದ್ರೆ ಒಂದು ಮಿಲಿಓಮ್ ಮೇಲೆ ಸ್ವಲ್ಪ. ಒಳ್ಳೇ ಜಾಯಿಂಟಲ್ಲಿ ಅಷ್ಟು ಇರಲ್ಲ.

ಮಲ್ಟಿಮೀಟರನ್ನ ಮಿಲಿವೋಲ್ಟ್ ರೇಂಜಿಗೆ ಇಟ್ಟು, ಮತ್ತೆ ಒಲೆ ಹಚ್ಚಿ, ಒಂದು ಪ್ರೋಬ್ ಸೆಲ್ಲಿನ ಟರ್ಮಿನಲ್ ಮೇಲೆ ಇನ್ನೊಂದು ಸೆಲ್ಲಿಂದ ಸೆಲ್ಲಿಗೆ ಜೋಡಿಸೋ ಬಸ್‌ಬಾರ್ ಪಟ್ಟಿ ಮೇಲೆ, ಹೀಗೆ ಒಂದೊಂದೇ ಜಾಯಿಂಟ್ ನೋಡ್ತಾ ಹೋದೆ. ಎಲ್ಲಾ ಕಡೆ ಒಂದು, ಎರಡು, ಒಂದು. ಹನ್ನೊಂದರ ಮೈನಸ್ ಹತ್ರ ಬಂದಾಗ 38. ಒಂದೇ ಒಂದು ನಟ್ಟು. ಬಿಎಂಎಸ್ ವೋಲ್ಟೇಜ್ ಅಳೆಯೋ ಸೆನ್ಸ್ ವೈರು ಬಸ್‌ಬಾರ್ ಕಡೆ ಇರೋದ್ರಿಂದ ಆ ಜಾಯಿಂಟಲ್ಲಿ ಬೀಳೋ ವೋಲ್ಟೇಜೂ ಹನ್ನೊಂದರ ಲೆಕ್ಕಕ್ಕೇ ಬರ್ತಿತ್ತು. (ಇಲ್ಲೊಂದು ಮಾತು, ಕಡಿಮೆ ಬೆಲೆಯ ಮೀಟರಲ್ಲಿ ಅರ್ಧ ಪರ್ಸೆಂಟ್ ವ್ಯತ್ಯಾಸ ಸಾಮಾನ್ಯ, 3.3 ವೋಲ್ಟಲ್ಲಿ ಅರ್ಧ ಪರ್ಸೆಂಟ್ ಅಂದ್ರೆ 16 ಮಿಲಿವೋಲ್ಟ್ ಆಯ್ತು, ಹಾಗಾಗಿ ಆಪಲ್ಲಿ 3.331 ಮೀಟರಲ್ಲಿ 3.34 ಅಂತ ತಲೆ ಕೆಡಿಸ್ಕೋಬೇಡಿ, ಒಂದೇ ಮೀಟರಲ್ಲಿ ಎಲ್ಲಾ ಸೆಲ್ಲೂ ನೋಡಿ ಹೋಲಿಸಿ, ಜಾಯಿಂಟ್ ನೋಡೋವಾಗ ಹೀಗೆ ನೇರವಾಗಿ ಡ್ರಾಪ್ ಅಳೀರಿ.)

ಬಿಚ್ಚೋ ಮೊದ್ಲು ಇನ್ವರ್ಟರ್ ಆಫ್, ಪ್ಯಾನಲ್ಲಿನ ಬ್ರೇಕರ್ ಆಫ್, ಬ್ಯಾಟರಿಯ ಬ್ರೇಕರ್ ಆಫ್, ಕೈಯಲ್ಲಿದ್ದ ಉಂಗುರ ತೆಗೆದು ಅಮ್ಮನ ಕೈಗೆ ಕೊಟ್ಟೆ, ಸ್ಪ್ಯಾನರಿನ ಹಿಡಿಗೆ ಪೂರ್ತಿ ಇನ್ಸುಲೇಷನ್ ಟೇಪ್ ಸುತ್ತಿದೆ. ಇದನ್ನ ಯಾರೂ ಹಗುರ ಮಾಡ್ಬೇಡಿ. ಬ್ರೇಕರ್ ಆಫ್ ಮಾಡಿದ್ರೂ ಸೆಲ್ಲುಗಳ ಮಧ್ಯೆ ವೋಲ್ಟೇಜ್ ಇದ್ದೇ ಇರತ್ತೆ, ಸ್ಪ್ಯಾನರ್ ಅಡ್ಡ ಬಿದ್ರೆ ನೂರಾರು ಆಂಪ್ ಹರಿದು ಕಬ್ಬಿಣ ಅಲ್ಲೇ ಕರಗಿ ಅಂಟ್ಕೊಳ್ಳತ್ತೆ. ನಟ್ಟು ಸಡಿಲ ಅಂತ ಕೈಗೆ ಗೊತ್ತಾಗೋ ಹಾಗಿರ್ಲಿಲ್ಲ, ಒಂದು ಕಾಲು ಸುತ್ತು ತಿರುಗ್ತು ಅಷ್ಟೆ. ಆದ್ರೆ ಪಟ್ಟಿ ಎತ್ತಿ ನೋಡಿದ್ರೆ ಅಲ್ಯೂಮಿನಿಯಂ ಟರ್ಮಿನಲ್ ಮೇಲೆ ಬೂದು ಬಣ್ಣದ ಮಬ್ಬು ಪದರ, ಪಕ್ಕದ ಟರ್ಮಿನಲ್ ಹೊಳೀತಾ ಇತ್ತು. ನಮ್ಮ ಕಡೆ ಥಂಡಿ ಗೊತ್ತಲ್ಲ, ಆಷಾಢದಲ್ಲಿ ಬೀರುವಲ್ಲಿಟ್ಟ ಬಟ್ಟೆಗೇ ಬೂಷ್ಟು ಬರತ್ತೆ. ನುಣುಪು ಎಮರಿ ಪೇಪರಲ್ಲಿ ಮೆಲ್ಲಗೆ ಉಜ್ಜಿ, ಒಣಗಿದ ಬಟ್ಟೇಲಿ ಒರೆಸಿ, ಟಾರ್ಕ್ ರೆಂಚಲ್ಲಿ ಸೆಲ್ಲಿನ ಕಂಪನಿ ಹೇಳಿದಷ್ಟೇ ಟೈಟ್ ಮಾಡಿದೆ, ಜೋರು ಮಾಡಿದ್ರೆ ಟರ್ಮಿನಲ್ಲಿನ ಥ್ರೆಡ್ ಕಿತ್ತು ಬರತ್ತೆ. ಮತ್ತೆ ಒಲೆ ಹಚ್ಚಿ ನೋಡಿದ್ರೆ 38 ಇದ್ದದ್ದು 2.

ಕೆಲಸ ಮುಗೀತು ಅಂದ್ಕೊಂಡೆ. ಮಾರನೇ ದಿನ ಬಿಸಿಲು ಏರಿದಾಗ ನೋಡ್ತೀನಿ, ಹನ್ನೊಂದು ಮತ್ತೆ ಓಡ್ತಾ ಇದೆ. 3.41, 3.47, 3.58, ಕಟ್. ಅಂದ್ರೆ ನಟ್ಟಿನ ಕಥೆ ಬೇರೆ, ಈ ಸೆಲ್ಲು ನಿಜವಾಗ್ಲೂ ಉಳಿದೋರಿಗಿಂತ ಮೊದ್ಲೇ ತುಂಬ್ತಿದೆ.

ಮೊದ್ಲೇ ತುಂಬೋಕೆ ಎರಡು ಕಾರಣ ಇರ್ಬಹುದು. ಒಂದು, ಸೆಲ್ಲಿನ ಕೆಪಾಸಿಟಿ ಕುಸಿದಿದೆ, ಸಣ್ಣ ಕೊಡ ಬೇಗ ತುಂಬತ್ತೆ. ಇನ್ನೊಂದು, ಕೊಡ ಎಲ್ಲದರಷ್ಟೇ ದೊಡ್ಡದು, ಆದ್ರೆ ಶುರು ಮಾಡೋವಾಗಲೇ ಅದರಲ್ಲಿ ಒಂದು ಚೊಂಬು ನೀರು ಜಾಸ್ತಿ ಇತ್ತು. ಮೇಲಿನ ತುದಿ ಮಾತ್ರ ನೋಡಿದ್ರೆ ಎರಡೂ ಒಂದೇ ಥರ ಕಾಣತ್ತೆ, ಆ ಹುಡುಗ ಮೊದಲನೇದು ಅಂದ್ಕೊಂಡ. ಯಾವುದು ಅಂತ ಗೊತ್ತಾಗೋದು ಕೆಳಗಿನ ತುದಿಗೆ ಹೋದಾಗ. ಸಣ್ಣ ಕೊಡ ಆದ್ರೆ ಮೊದ್ಲು ಖಾಲಿ ಆಗೋದೂ ಅದೇ. ಒಂದು ಚೊಂಬು ಜಾಸ್ತಿ ಇದ್ದದ್ದಾದ್ರೆ ಕೊನೇಲಿ ಖಾಲಿ ಆಗತ್ತೆ.

ಪ್ಯಾನಲ್ ಆಫ್ ಮಾಡಿ, ರಾತ್ರಿ ಇಡೀ ಹತ್ತು ಆಂಪ್ ಹತ್ರ ಲೋಡ್ ಇಟ್ಟು ಬ್ಯಾಟರಿ ಇಳಿಸಿದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಟಾರ್ಚ್ ಹಿಡ್ಕೊಂಡು ಕೂತೆ, ಯಾಕಂದ್ರೆ ಕೆಳಗಿನ ತುದೀಲೂ ವೋಲ್ಟೇಜ್ ಬೀಳೋದು ಬಹಳ ಬೇಗ, ಮಲಗಿದ್ರೆ ತಪ್ಪಿ ಹೋಗತ್ತೆ. ಐದೂ ಹತ್ತಕ್ಕೆ ನಾಲ್ಕನೇ ಸೆಲ್ಲು 3.00 ಮುಟ್ತು, ಅಲ್ಲಿಗೇ ನಿಲ್ಲಿಸಿದೆ. ಉಳಿದವು 3.04ರಿಂದ 3.08. ಹನ್ನೊಂದನೇದು 3.15. ಎಲ್ಲಾ ಸೆಲ್ಲಿಗಿಂತ ಮೇಲೆ. ತೆಗೆದು ಬಿಸಾಕಿ ಅಂದಿದ್ದ ಸೆಲ್ಲಲ್ಲೇ ಎಲ್ಲದಕ್ಕಿಂತ ಜಾಸ್ತಿ ಉಳಿದಿತ್ತು! ಆ ಹೊತ್ತಲ್ಲಿ ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು, ಅಮ್ಮ ಒಲೆ ಮುಂದೆ ಕಾಫಿಗೆ ನೀರಿಡ್ತಾ ಇದ್ರು, ಅವರಿಗೇ ಪೂರ್ತಿ ಹೇಳಿದೆ.

ಹಾಗಾದ್ರೆ ಅದರಲ್ಲಿ ಜಾಸ್ತಿ ಚಾರ್ಜ್ ಹೇಗೆ ಸೇರ್ಕೊಳ್ತು? ಇದಕ್ಕೆ ಉತ್ತರ ಸಿಕ್ಕಿದ್ದು ಬಿಎಂಎಸ್ ಸೆಟ್ಟಿಂಗಲ್ಲಿ. ಸೆಲ್ಲುಗಳನ್ನ ಒಂದೇ ಮಟ್ಟಕ್ಕೆ ತರೋದಕ್ಕೆ ಬ್ಯಾಲೆನ್ಸಿಂಗ್ ಅಂತಾರೆ. ನಮ್ಮ ಬಿಎಂಎಸ್ ಮಾಡೋದು ಪ್ಯಾಸಿವ್ ಬ್ಯಾಲೆನ್ಸಿಂಗ್, ಅಂದ್ರೆ ಜಾಸ್ತಿ ವೋಲ್ಟೇಜ್ ಇರೋ ಸೆಲ್ಲಿನ ಮೇಲೆ ಒಂದು ಸಣ್ಣ ರೆಸಿಸ್ಟರ್ ಹಾಕಿ 100 ಮಿಲಿಆಂಪ್ ಹಾಗೆ ಸುಟ್ಟು ಕಳೆಯೋದು, ಕಮ್ಮಿ ಇರೋದಕ್ಕೆ ಏನೂ ಕೊಡಲ್ಲ. ಆ್ಯಕ್ಟಿವ್ ಬ್ಯಾಲೆನ್ಸರ್ ಆದ್ರೆ ಜಾಸ್ತಿ ಇರೋದ್ರಿಂದ ತೆಗೆದು ಕಮ್ಮಿ ಇರೋದಕ್ಕೆ ಹಾಕತ್ತೆ, ಒಂದು ಎರಡು ಆಂಪ್‌ವರೆಗೂ. ಯಾವುದೇ ಆಗ್ಲಿ ಅದು ನಂಬೋದು ವೋಲ್ಟೇಜ್ ರೀಡಿಂಗನ್ನೇ. ನಮ್ಮದರಲ್ಲಿ ಬ್ಯಾಲೆನ್ಸ್ ಸ್ಟಾರ್ಟ್ 3.20 ವೋಲ್ಟ್‌ಗೆ ಇಟ್ಟಿದ್ರು, 10 ಮಿಲಿವೋಲ್ಟ್ ವ್ಯತ್ಯಾಸ ಬಂದ್ರೆ ಶುರು, ಚಾರ್ಜ್ ಆಗೋವಾಗ ಮಾತ್ರ ಅನ್ನೋ ಆಪ್ಷನ್ ಆಫ್. 3.20 ಅಂದ್ರೆ ಚಪ್ಪಟೆ ಬಯಲಿನ ಮಧ್ಯದಲ್ಲೇ ಬ್ಯಾಲೆನ್ಸ್ ಮಾಡು ಅಂತ ಹೇಳಿದ ಹಾಗೆ.

ಈಗ ಮಳೆಗಾಲದ ನಾಲ್ಕು ತಿಂಗಳು ನೆನೆಸ್ಕೊಳ್ಳಿ. ಬಿಸಿಲಿಲ್ಲ, ಪ್ಯಾನಲ್ಲಿಂದ ಬರೋದು ನಾಲ್ಕೈದು ಆಂಪು, ಗ್ರಿಡ್ ಚಾರ್ಜಿಂಗೂ (ಲೈನ್ ಕರೆಂಟಿಂದ ತುಂಬಿಸೋದು) ನಾವು 5 ಆಂಪ್‌ಗೆ ಇಟ್ಟು 70 ಪರ್ಸೆಂಟಲ್ಲಿ ನಿಲ್ಲೋ ಹಾಗೆ ಮಾಡಿದ್ವಿ. ಆ ಹಾಳು ಜಾಯಿಂಟಲ್ಲಿ 5 ಆಂಪ್‌ಗೆ ಬೀಳೋದು ಐದಾರು ಮಿಲಿವೋಲ್ಟ್, ಬಿಎಂಎಸ್ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಸಂಜೆ ಆದ್ರೆ ಹತ್ತು ಹದಿನೈದು ಆಂಪ್ ಎಳೀತೀವಿ, ಆಗ ಹನ್ನೊಂದು ಹತ್ತು ಹದಿನೈದು ಮಿಲಿವೋಲ್ಟ್ ಕೆಳಗೆ ಕಾಣತ್ತೆ, ಬಿಎಂಎಸ್ "ಅಯ್ಯೋ ಇದು ಹಿಂದೆ ಬಿತ್ತು" ಅಂತ ಉಳಿದ ಹದಿನೈದು ಸೆಲ್ಲನ್ನ ಸುಡತ್ತೆ. ಪ್ರತಿ ಸಂಜೆ. ಹನ್ನೊಂದರಿಂದ ಮಾತ್ರ ಏನೂ ಕಳೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಬ್ಯಾಟರಿ ಒಂದು ದಿನವೂ ತುದಿ ಮುಟ್ಟಿರ್ಲಿಲ್ಲ, ಮುಟ್ಟಿದ್ರೆ ಜುಲೈಯಲ್ಲೇ ಗೊತ್ತಾಗ್ತಿತ್ತು. ಇದು ನನ್ನ ಲೆಕ್ಕಾಚಾರ, ಆದ್ರೆ ರೀಡಿಂಗ್ ಎಲ್ಲಾ ಇದಕ್ಕೇ ಕೂಡಿ ಬರತ್ತೆ.

ಇಲ್ಲಿ ಅಪ್ಪಯ್ಯ ಕೇಳಿದ ಒಂದು ಮಾತು ನಂಗೆ ತುಂಬಾ ಉಪಯೋಗಕ್ಕೆ ಬಂತು. ಅವರು ಹಳೇ ಬ್ಯಾಟರಿಗೆ ಇಪ್ಪತ್ತು ವರ್ಷ ಡಿಸ್ಟಿಲ್ಡ್ ವಾಟರ್ ಹಾಕಿದವರು, ಹೈಡ್ರೋಮೀಟರ್ ಇಳಿಸಿ ಒಂದೊಂದು ಸೆಲ್ಲಿನ ಗ್ರ್ಯಾವಿಟಿ ನೋಡಿ "ಮೂರನೇ ಸೆಲ್ಲು ಡೌನು" ಅಂತ ಹೇಳ್ತಿದ್ದವರು. "ಅದರಲ್ಲಿ ಒಂದು ಸೆಲ್ಲು ಹಿಂದೆ ಬಿದ್ರೆ ರಾತ್ರಿ ಇಡೀ ಚಾರ್ಜಿಗೆ ಬಿಟ್ರೆ ಸರಿ ಹೋಗ್ತಿತ್ತಲ್ಲ, ಇದಕ್ಕೆ ಯಾಕೆ ಆಗಲ್ಲ?" ಅಂದ್ರು. ಸರಿಯಾದ ಪ್ರಶ್ನೆ. ಲೆಡ್ ಆಸಿಡ್‌ನಲ್ಲಿ, ಅಂದ್ರೆ ಆ ಹಳೇ ಥರದ ಬ್ಯಾಟರೀಲಿ, ತುಂಬಿದ ಸೆಲ್ಲು ಹೆಚ್ಚಿನ ಚಾರ್ಜನ್ನ ನೀರು ಒಡೆದು ಗುಳ್ಳೆ ಮಾಡಿ ಹೊರಗೆ ಹಾಕತ್ತೆ, ಅಷ್ಟರಲ್ಲಿ ಹಿಂದೆ ಬಿದ್ದದ್ದು ಬಂದು ಸೇರ್ಕೊಳ್ಳತ್ತೆ, ಆ ಕಳೆದ ನೀರನ್ನೇ ಅಪ್ಪಯ್ಯ ತಿಂಗಳು ತಿಂಗಳು ತುಂಬ್ತಿದ್ದದ್ದು. ಲಿಥಿಯಂಗೆ ಅಂಥ ಬಾಗಿಲಿಲ್ಲ. ತುಂಬಿದ ಮೇಲೆ ಮತ್ತೆ ತುಂಬಿದ್ರೆ ಸೆಲ್ಲಿಗೇ ಪೆಟ್ಟು, ಅದಕ್ಕೇ ಪಕ್ಕದಲ್ಲಿ ರೆಸಿಸ್ಟರ್ ಇಟ್ಕೊಂಡು ಬಿಎಂಎಸ್ ಕೂರೋದು. ಅದಕ್ಕೇ ಲಿಥಿಯಂ ಹಾಕಿದೋರು ಇನ್ವರ್ಟರಲ್ಲಿ ಈಕ್ವಲೈಸ್ ಅನ್ನೋದನ್ನ, ಅಂದ್ರೆ ಹೀಗೆ ಬೇಕಂತಲೇ ಜಾಸ್ತಿ ಚಾರ್ಜ್ ಮಾಡೋ ಸೆಟ್ಟಿಂಗನ್ನ, ಮೊದ್ಲು ಆಫ್ ಮಾಡ್ಬೇಕು.

ಸರಿ ಮಾಡಿದ್ದು ಹೀಗೆ. ಬ್ಯಾಲೆನ್ಸ್ ಸ್ಟಾರ್ಟ್ 3.40ಕ್ಕೆ ಏರಿಸಿದೆ, ಚಾರ್ಜ್ ಆಗೋವಾಗ ಮಾತ್ರ ಅನ್ನೋದನ್ನ ಆನ್ ಮಾಡಿದೆ. ಅಷ್ಟೇ ಮಾಡಿ ಬಿಟ್ಟಿದ್ರೂ ಸರಿ ಹೋಗ್ತಿತ್ತು, ಆದ್ರೆ ಯಾವಾಗ? ಹನ್ನೊಂದರಲ್ಲಿ ಮೂರೂವರೆ ಆಂಪ್ ಅವರ್ ಜಾಸ್ತಿ ಇದೆ ಅಂತಿಟ್ಕೊಂಡ್ರೆ 100 ಮಿಲಿಆಂಪಲ್ಲಿ 35 ಗಂಟೆ ಬೇಕು, ದಿನಕ್ಕೆ ತುದೀಲಿ ನಿಲ್ಲೋದು ಅರ್ಧ ಗಂಟೆ, ಅಲ್ಲಿಗೆ 70 ದಿನ. ಅಷ್ಟು ದಿನ ಕೀಂಯ್ ಅನ್ನೋದನ್ನ ಕೇಳೋಕೆ ಆಗಲ್ಲ ಅಂತ, ಕಾರಿನ ಇಂಡಿಕೇಟರ್ ಬಲ್ಬು, 12 ವೋಲ್ಟ್ 21 ವ್ಯಾಟ್‌ದು, ಒಂದು ಫ್ಯೂಸ್ ಹಾಕಿದ ವೈರಲ್ಲಿ ಹನ್ನೊಂದರ ಎರಡು ಟರ್ಮಿನಲ್ಲಿಗೆ ಕೊಟ್ಟೆ. 3.3 ವೋಲ್ಟಿಗೆ ಆ ಬಲ್ಬು ಬೆಳಕು ಅಂತ ಕೊಡಲ್ಲ, ಒಳಗಿನ ತಂತಿ ಮಾತ್ರ ಕೆಂಡದ ಹಾಗೆ ಕೆಂಪಗೆ ಕಾಣತ್ತೆ. ಮೀಟರ್ ಸೀರೀಸಲ್ಲಿ ಹಾಕಿ ನೋಡಿದ್ರೆ 0.9 ಆಂಪ್. ನಾಲ್ಕು ಗಂಟೆ ಪಕ್ಕದಲ್ಲೇ ಕೂತು ಅಡಿಕೆ ಲೆಕ್ಕ ಬರೀತಾ ಇದ್ದೆ, ಬಿಟ್ಟು ಎದ್ದು ಹೋಗೋ ಕೆಲಸ ಅಲ್ಲ ಅದು, ಮರೆತ್ರೆ ಸೆಲ್ಲು ಪೂರ್ತಿ ಖಾಲಿ. ನಾಲ್ಕು ಗಂಟೆ ಅಂದ್ರೆ 3.6 ಆಂಪ್ ಅವರ್ ಆಯ್ತು, ತೆಗೆದೆ.

ಮಾರನೇ ದಿನ ಚಾರ್ಜ್ ವೋಲ್ಟೇಜನ್ನ 55.2ಕ್ಕೆ ಇಟ್ಟೆ, ಅಂದ್ರೆ ಸೆಲ್ಲಿಗೆ 3.45. ಬ್ರೋಷರಲ್ಲಿ 58.4 ಅಂತ ಇರತ್ತೆ, ಅದು ಸೆಲ್ಲಿಗೆ 3.65ರ ಲೆಕ್ಕ, ಅದು ದಾಟಬಾರದ ಗಡಿ, ದಿನಾ ಹೋಗಿ ಮುಟ್ಟೋ ಜಾಗ ಅಲ್ಲ. 3.45ರಲ್ಲಿ ಸ್ವಲ್ಪ ಹೊತ್ತು ನಿಂತ್ರೆ ಬ್ಯಾಟರಿ ಹೆಚ್ಚು ಕಮ್ಮಿ ಪೂರ್ತಿ ತುಂಬಿರತ್ತೆ. ಕರೆಂಟ್ 5 ಆಂಪ್‌ಗೆ ಇಳಿಸಿದೆ, ನಿಧಾನ ತುಂಬಿದ್ರೆ ಮುಂದೆ ಓಡೋ ಸೆಲ್ಲನ್ನ ಹಿಡಿಯೋಕೆ ಬಿಎಂಎಸ್‌ಗೆ ಟೈಮ್ ಸಿಗತ್ತೆ. ತುದೀಲಿ ಎರಡು ಗಂಟೆ ಹಿಡಿದಿಟ್ಟು ಆಮೇಲೆ ಫ್ಲೋಟ್, ಅಂದ್ರೆ ತುಂಬಿದ ಮೇಲೆ ಹಿಡಿದಿಡೋ ವೋಲ್ಟೇಜ್, 53.6. ಮೊದಲನೇ ದಿನ ತುದೀಲಿ ವ್ಯತ್ಯಾಸ 62 ಮಿಲಿವೋಲ್ಟ್, ಎರಡನೇ ದಿನ 31, ನಾಲ್ಕನೇ ದಿನ 12. ಆಮೇಲೆ ಅದಕ್ಕಿಂತ ಇಳೀಲಿಲ್ಲ, ಇಳಿಸೋ ಅಗತ್ಯವೂ ಇಲ್ಲ. ಇಳಿದು ರೆಸ್ಟಿಗೆ ಬಂದ್ಮೇಲೆ ಎಷ್ಟು ಅಂತ ನಾನೀಗ ನೋಡೋದೇ ಬಿಟ್ಟಿದೀನಿ, ನೋಡೋದಿದ್ರೆ ತುದೀಲಿ, ಕರೆಂಟ್ ಎರಡು ಮೂರು ಆಂಪ್‌ಗೆ ಇಳಿದಾಗ, ಆಗಿನ ನಂಬರೇ ಸರಿಯಾದ ನಂಬರು.

ಹಾಗೇ ಇನ್ನೊಂದು, ಜುಲೈಯಲ್ಲಿ ಒಂದು ರಾತ್ರಿ ಆಪಲ್ಲಿ 38 ಪರ್ಸೆಂಟ್ ಇದ್ದಾಗಲೇ ಮನೆ ಪೂರ್ತಿ ಕತ್ತಲಾಗಿತ್ತು, ಆಗ ಅರ್ಥ ಆಗಿರ್ಲಿಲ್ಲ. ಆ ಪರ್ಸೆಂಟ್ ವೋಲ್ಟೇಜಿಂದ ಬರೋದಲ್ಲ, ಒಳಗೆ ಹೋದ ಆಂಪು ಹೊರಗೆ ಬಂದ ಆಂಪು ಕೂಡಿ ಕಳೆದು ತೋರಿಸೋದು, ಸಣ್ಣ ಸಣ್ಣ ತಪ್ಪು ದಿನಾ ಸೇರ್ತಾ ಹೋಗತ್ತೆ. ಬ್ಯಾಟರಿ ಒಮ್ಮೆ ಫುಲ್ ಆದಾಗ 100ಕ್ಕೆ ತಂದು ಸರಿ ಮಾಡ್ಕೊಳ್ಳತ್ತೆ. ತಿಂಗಳುಗಟ್ಟಲೆ ಫುಲ್ ಆಗದೇ ಇದ್ರೆ ಆ ಲೆಕ್ಕ ದಿಕ್ಕು ತಪ್ಪಿರತ್ತೆ.

ಅದಕ್ಕೇ ಮುಂದಿನ ಜೂನ್‌ನಿಂದ ಹದಿನೈದು ದಿನಕ್ಕೊಂದು ಸಲ, ಕರೆಂಟ್ ಇರೋ ದಿನ ನೋಡಿ, ಗ್ರಿಡ್ಡಿಂದಲೇ 55.2ವರೆಗೂ ತುಂಬಿಸಿ ಎರಡು ಗಂಟೆ ನಿಲ್ಲಿಸೋದು ಅಂತ ಮಾಡಿದೀವಿ. ಅಪ್ಪಯ್ಯ ಮಳೆ ಲೆಕ್ಕ ಬರೆಯೋ ಪುಸ್ತಕದಲ್ಲಿ ಮಿಲಿಮೀಟರ್ ಕಾಲಮ್ಮಿನ ಪಕ್ಕ ಇನ್ನೊಂದು ಗೆರೆ ಎಳೆದು ಮೂರು ಮನೆ ಮಾಡಿದಾರೆ, ಮೇಲಿನ ಸೆಲ್ಲು, ಕೆಳಗಿನ ಸೆಲ್ಲು, ಆಗ ಎಷ್ಟು ಆಂಪು. ನಿನ್ನೆದು 3.456, 3.445, 2 ಆಂಪ್. ಮೇಲಿದ್ದದ್ದು ಹನ್ನೊಂದಲ್ಲ, ಎರಡನೇ ಸೆಲ್ಲು.